ತೊಟ್ಟಿಯ ನೀರಿನಲ್ಲಿ ಸಂಸಾರ ಕಂಡವಳು

ನನ್ನ ಮೊಮ್ಮಗಳಿಗೆ ವರ್ಷ ತುಂಬಿ ಮೂರು ತಿಂಗಳಾಯಿತು. ಅವಳನ್ನು ಎತ್ತಿಕೊಂಡರೆ ನನ್ನ ಮಂಡಿನೋವು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಊರಲ್ಲಿ ಇನ್ಯಾರಿಗೂ ಮೊಮ್ಮಕ್ಕಳೇ ಹುಟ್ಟಿಲ್ಲವೇನೋ ಅನ್ನುವ ಹಾಗೆ ಆಡುತ್ತೀಯ ಎಂದು ನನ್ನ ಮಗಳು ರೇಗುತ್ತಾಳೆ. ಹುಟ್ಟಿರಬಹುದು, ನನಗೇನು? ಇವಳಿಗೆ ಮೇಲೆ ನಾಲ್ಕು, ಕೆಳಗೆ ಎರಡು ಹಲ್ಲು ಬಂದಿವೆ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ, ಬಲಗೆನ್ನೆಯಲ್ಲಿ ಬೀಳುವುದಿಲ್ಲ. ಅದಕ್ಕೇ ನಾನು ಯಾವಾಗಲೂ ಅವಳ ಎಡಗಡೆಗೇ ಕೂರುವುದು.

ಮೊನ್ನೆ ಬಚ್ಚಲಿನಲ್ಲಿ ಅವಳಿಗೆ ಎಣ್ಣೆನೀರು ಹಾಕಿ, ದೊಡ್ಡ ದಬರಿಯಲ್ಲಿ ಬೆಚ್ಚಗಿನ ನೀರು ತುಂಬಿ ಕೂರಿಸಿದ್ದೆ. ಪೌಡರ್ ಡಬ್ಬಿಯ ಮುಚ್ಚಳವೊಂದು, ಎಣ್ಣೆ ಸೀಸೆಯ ಬಿರಡೆಯೊಂದು ನೀರಿಗೆ ಬಿದ್ದು ತೇಲುತ್ತಿದ್ದವು. ದೊಡ್ಡ ಮುಚ್ಚಳ ಮುಂದೆ, ಸಣ್ಣ ಬಿರಡೆ ಅದರ ಹಿಂದೆ. ಮಗು ನೀರು ಬಡಿಯುವುದನ್ನು ಬಿಟ್ಟು ಕಣ್ಣರಳಿಸಿ ನೋಡುತ್ತಾ ಕುಳಿತಳು. ಬಿರಡೆ ಹೋಗಿ ಮುಚ್ಚಳವನ್ನು ಮುಟ್ಟಿತು ನೋಡಿ, "ಅವ್ವಾ!" ಎಂದು ಕೂಗಿದಳು. ನನ್ನನ್ನಲ್ಲ, ನನ್ನ ಮಗಳನ್ನೂ ಅಲ್ಲ, ಆ ಮುಚ್ಚಳವನ್ನು! ಬಿರಡೆಗೆ ಅವರವ್ವ ಸಿಕ್ಕಿದಳು ಎಂದು ಈ ಹಿಡಿಯಷ್ಟು ಮಗುವಿಗೆ ಯಾರು ಹೇಳಿಕೊಟ್ಟರು? ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ಆ ನೀರು ನಿಲ್ಲಲಿಲ್ಲ.

ಯಾಕೆಂದರೆ ನೀರಿನಲ್ಲಿ ಓಡಾಡುವುದರಲ್ಲೆಲ್ಲ ಅವ್ವ, ಮಗಳು, ಅತ್ತೆ, ನಾದಿನಿಯರನ್ನು ಕಾಣುತ್ತಿದ್ದ ಒಬ್ಬಳು ನನಗೆ ಗೊತ್ತಿದ್ದಳು. ಹದಿನೈದು ದಿನದ ಕೆಳಗೆ ನಂಜನಗೂಡಿನಲ್ಲಿ ತೀರಿಕೊಂಡಳಂತೆ. ಅವಳ ಹೆಸರು ಬರೆಯುವುದಿಲ್ಲ. ಅಕ್ಕ ಎಂದು ಕರೆಯುತ್ತಿದ್ದೆ, ಅಕ್ಕ ಎಂದೇ ಬರೆಯುತ್ತೇನೆ. ಅವಳ ಕೈಯಲ್ಲಿದ್ದ ಕೆಲಸ ಹೋದದ್ದು ನನ್ನ ಬಾಯಿಂದ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸಲೀಸು ಅಂದುಕೊಂಡು ಹೇಳಿದ್ದೇನೆ.

ತುರ್ತುಪರಿಸ್ಥಿತಿ ಬಂದ ಹೊಸದು. ತಿ. ನರಸೀಪುರದಲ್ಲಿ ಒಬ್ಬ ಸಾವ್ಕಾರರು ರೇಷ್ಮೆ ನೂಲು ತೆಗೆಯುವ ಫಿಲೇಚರ್ ಇಟ್ಟಿದ್ದರು. ಹೆಂಚಿನ ಉದ್ದನೆಯ ಕೊಟ್ಟಡಿ, ಎರಡು ಸಾಲಿನಲ್ಲಿ ಹನ್ನೆರಡು ತೊಟ್ಟಿ. ನಾವು ಅದಕ್ಕೆ ಬೇಸಿನ್ ಎನ್ನುತ್ತಿದ್ದೆವು. ಒಂದೊಂದು ಬೇಸಿನ್ನಿಗೆ ಒಬ್ಬೊಬ್ಬ ಹೆಂಗಸು. ಬೇಯಿಸಿದ ರೇಷ್ಮೆಗೂಡುಗಳನ್ನು ತಂದು ಬಿಸಿನೀರಿಗೆ ಸುರಿಯುತ್ತಾರೆ. ಪ್ರತಿ ಗೂಡಿನ ತುದಿಯೆಳೆ ಹುಡುಕಬೇಕು, ಎಂಟೋ ಒಂಬತ್ತೋ ಗೂಡಿನ ಎಳೆಗಳನ್ನು ಸೇರಿಸಿ ಮೇಲೆ ಕೂರಿಸಿದ ಪಿಂಗಾಣಿ ಗುಂಡಿಯ ತೂತಿನಲ್ಲಿ ತೂರಿಸಬೇಕು. ಬೆನ್ನ ಹಿಂದೆ ಮೋಟಾರು ರಾಟೆಯನ್ನು ತಿರುಗಿಸುತ್ತದೆ, ರಾಟೆ ನೂಲನ್ನು ಎಳೆಯುತ್ತದೆ, ನೂಲು ಎಳೆದ ಹಾಗೆ ಗೂಡುಗಳು ನೀರಿನಲ್ಲಿ ಕುಣಿಯುತ್ತವೆ. ಒಂದು ಗೂಡಿನ ಎಳೆ ಮುಗಿಯಿತು ಅನ್ನುವಾಗ ಇನ್ನೊಂದು ಹೊಸ ಗೂಡನ್ನು ಕೊಡಬೇಕು. ತಡವಾದರೆ ನೂಲು ಸಣ್ಣಗಾಗುತ್ತದೆ, ಮೊದಲೇ ಕೊಟ್ಟರೆ ದಪ್ಪಗಾಗುತ್ತದೆ. ಇಷ್ಟೇ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ಇಷ್ಟೇ.

ನಾನು ಸೇರಿದ ದಿನ ಮೇಸ್ತ್ರಿ ನನ್ನನ್ನು ಕಿಟಕಿ ಪಕ್ಕದ ಬೇಸಿನ್ನಿನ ಅಕ್ಕನ ಹತ್ತಿರ ಕೂರಿಸಿ, "ಇವಳನ್ನ ನೋಡಿ ಕಲ್ತ್ಕೊ" ಅಂದರು. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡ ಬೇಗನೆ ಹೋಗಿದ್ದ, ಮಕ್ಕಳಿರಲಿಲ್ಲ. ಚಿಕ್ಕಯ್ಯನಛತ್ರದ ಕಡೆಯ ಒಂದು ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದಳು. ದಿನಾ ಬಸ್ಸಿನಲ್ಲಿ ಬರುತ್ತಿದ್ದಳು, ದಿನಾ ಬಸ್ಸಿನಲ್ಲಿ ಹೋಗುತ್ತಿದ್ದಳು. ಬೆಂದ ರೇಷ್ಮೆಹುಳದ ನಾತ ನಮ್ಮ ಮೈಗೆ ಹತ್ತಿದರೆ ಸೀಗೆಪುಡಿಗೂ ಬಗ್ಗುವುದಿಲ್ಲ. ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡು ಏಳುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಅವಳು ಮಾತ್ರ ಕಾಲು ನೀಡಿಕೊಂಡು ಕೂತು, "ನಮಗಂತೂ ಸೀಟಿಗೆ ಬರ ಇಲ್ಲ ಕಣಮ್ಮಿ" ಎಂದು ನಗುತ್ತಿದ್ದಳು.

ಮೊದಲನೆಯ ದಿನ ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಬಿಸಿನೀರಿನಲ್ಲಿ ನೆನೆದು ನೆನೆದು ತುದಿಗಳೆಲ್ಲ ಬೆಳ್ಳಗೆ ಸುಲಿದುಹೋಗಿದ್ದವು.

"ಬೆರಳು ಯಾಕ್ ನೋಡೀಯೆ? ನೀರು ನೋಡು" ಅಂದಳು.

"ನೀರಲ್ಲೇನದೆ ಅಕ್ಕ?"

"ಏನದೆಯಾ! ಅಗೋ, ಆ ಬಿಳಿಚಿಕೊಂಡವಳು ಈಗತಾನೆ ಮದ್ವೆಯಾಗಿ ಬಂದವ್ಳೆ. ಮೂಲೆ ಬಿಟ್ಟು ಬರಾಕೆ ನಾಚ್ಕೆ. ಈ ಎರಡು ನೋಡು, ವಾರಗಿತ್ತೀರು. ಒಂದ್ ಕಡೆ ತಿರುಗುದ್ರೆ ಇನ್ನೊಂದು ಆ ಕಡೆ ತಿರುಗಾಕಿಲ್ಲ. ಇದೊಂದದೆಯಲ್ಲ, ಎಲ್ಲರ ಮನೆ ಬಾಗ್ಲಿಗೂ ಓಗಿ ಇಣುಕಿ ಬತ್ತದೆ."

ನಾನು ನೋಡಿದೆ. ನಿಜ ಹೇಳುತ್ತೇನೆ, ಆ ಕ್ಷಣದಿಂದ ನನಗೂ ಅದು ಹಾಗೆಯೇ ಕಂಡಿತು. ಒಂದು ಗೂಡು ಸುಮ್ಮನೆ ಸುತ್ತುತ್ತಾ ಹೋಗಿ ಇನ್ನೊಂದಕ್ಕೆ ತಾಗಿ ಗಕ್ಕನೆ ಹಿಂದೆ ಬಂತು. ಅದು ಬೈಸಿಕೊಂಡು ಬಂದ ಹಾಗೇ ಇತ್ತು. ಆದರೂ ಜಂಬಕ್ಕೆ, "ಅವ್ಕೇನ್ ಜೀವ ಅದೆಯಾ ಅಕ್ಕ? ಬೆಂದೋಗವೆ. ದಾರ ಎಳೀತದೆ, ಅದಕ್ಕೆ ಕುಣೀತವೆ" ಅಂದೆ.

"ನಿನ್ ಗಂಡ ತಾಳಿ ಕಟ್ಟಿ ಎಳ್ಕಂಡ್ ಬಂದ ಅಂತ ನಿಂಗೆ ಜೀವ ಇಲ್ವಾ?" ಅಂದಳು. ಸಾಲಿಗೆ ಸಾಲೇ ನಕ್ಕಿತು.

ಹೀಗೆ ದಿನವೆಲ್ಲಾ ಅವಳ ಬೇಸಿನ್ನಿನ ಕಥೆ ನಡೆಯುತ್ತಿತ್ತು. ರೇಡಿಯೋ ಇಲ್ಲದ ಆ ಕೊಟ್ಟಡಿಗೆ ಅವಳೇ ರೇಡಿಯೋ. "ಏನಕ್ಕಾ, ಇವತ್ತು ಯಾರ್ ಮನೇಲಿ ಜಗಳ?" ಎಂದು ಆಚೆ ಸಾಲಿನಿಂದ ಕೂಗುತ್ತಿದ್ದರು. "ಜಗಳ ಇಲ್ಲ ಕಣ್ರವ್ವಾ, ಇವತ್ತು ಬೀಗರೂಟ. ಎಲ್ಲ ಒಟ್ಟಿಗೆ ಕುಂತವೆ" ಅನ್ನುತ್ತಿದ್ದಳು. ಕರೆಂಟು ಹೋದರೆ ಮೋಟಾರು ನಿಂತು, ಗೂಡುಗಳೆಲ್ಲ ಇದ್ದಲ್ಲೇ ನಿಲ್ಲುತ್ತಿದ್ದವು. ನಾವೆಲ್ಲ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಎಲೆಅಡಿಕೆ ಬಿಚ್ಚುತ್ತಿದ್ದೆವು. ಅವಳು ಎದ್ದು ಬರುತ್ತಿರಲಿಲ್ಲ. "ಮಾತಾಡ್ತಾ ಮಾತಾಡ್ತಾ ನಿಲ್ಲುಸ್ಬುಟ್ಟವೆ ಪಾಪ" ಎಂದು ನೀರನ್ನೇ ನೋಡುತ್ತಾ ಕೂತಿರುತ್ತಿದ್ದಳು.

ಅವಳ ಕಥೆಯೊಳಗೆ ಒಂದು ಕಸುಬು ಇತ್ತು. ಅದು ನನಗೆ ಅರ್ಥವಾಗಲು ವರ್ಷ ಬೇಕಾಯಿತು. ಒಂದು ಗೂಡು ಇನ್ನೇನು ಮುಗಿಯುತ್ತದೆ ಅನ್ನುವುದು ನಮಗೆಲ್ಲ ಎಳೆ ಕಿತ್ತುಹೋದ ಮೇಲೆ ತಿಳಿಯುತ್ತಿತ್ತು. ಅವಳಿಗೆ ಮೊದಲೇ ತಿಳಿಯುತ್ತಿತ್ತು. "ಒರಟೇಬುಟ್ಯಾ ಮಗ? ಓಗ್ಬುಟ್ ಬಾ" ಎಂದು ಒಂದು ಗೂಡಿಗೆ ಹೇಳುತ್ತಲೇ ಅವಳ ಕೈ ಹೊಸ ಗೂಡಿನ ಎಳೆಯನ್ನು ಒಡ್ಡಿಬಿಡುತ್ತಿತ್ತು. ಮೇಸ್ತ್ರಿ ನೂಲನ್ನು ಕಪ್ಪು ಹಲಗೆಗೆ ಸುತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಮ್ಮ ನೂಲಿನಲ್ಲಿ ಅಲ್ಲಲ್ಲಿ ಗೆರೆ ಕಾಣುತ್ತಿತ್ತು. ಅವಳದರಲ್ಲಿ ಹುಡುಕಿದರೂ ಕಾಣುತ್ತಿರಲಿಲ್ಲ.

ಅವಳಿಗೆ ತಲೆ ಸರಿಯಿಲ್ಲ ಎಂದು ಮಾತ್ರ ಯಾರೂ ಹೇಳುವ ಹಾಗಿರಲಿಲ್ಲ. ಅದಕ್ಕೆ ನಾನೇ ಸಾಕ್ಷಿ. ಒಂದು ಸಲ ಕಪಿಲೆಯೂ ಕಾವೇರಿಯೂ ಒಟ್ಟಿಗೆ ತುಂಬಿ ಬಂದು, ನೋಡುವುದಕ್ಕೆ ಊರೇ ಸೇತುವೆಯ ಮೇಲೆ ನಿಂತಿತ್ತು. ನಾವೂ ಹೋಗಿದ್ದೆವು. ದೂರದಲ್ಲಿ ಕಪ್ಪಗೆ, ಉದ್ದಕ್ಕೆ ಏನೋ ಬರುತ್ತಿತ್ತು. ತಲೆ ಎತ್ತುತ್ತದೆ, ಮುಳುಗುತ್ತದೆ, ಮತ್ತೆ ಎತ್ತುತ್ತದೆ. "ಮೊಸಳೆ! ಮೊಸಳೆ!" ಎಂದು ಒಬ್ಬ ಕೂಗಿದ. ಎಲ್ಲರಿಗೂ ಮೊಸಳೆಯೇ ಕಂಡಿತು. "ನಮ್ಮನ್ನೇ ನೋಡ್ತಾ ಬತ್ತಾ ಅದೆ ಕಣ್ಲಾ" ಎಂದು ಇನ್ನೊಬ್ಬ ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಓಡಿದ. ನಾನು ಅಕ್ಕನ ರಟ್ಟೆ ಹಿಡಿದುಕೊಂಡೆ.

ಅವಳು ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ನೋಡಿ, "ಮರದ ದಿಮ್ಮಿ ಕಣಮ್ಮಿ, ಎದರ್ಬ್ಯಾಡ" ಅಂದಳು.

"ನಿಂಗೆಂಗೆ ಗೊತ್ತು?"

"ನೀರು ಏಳಿದ್ ಕಡೇಕೇ ಓಯ್ತಾ ಅದೆ. ಜೀವ ಇದ್ದಿದ್ರೆ ಒಂದ್ಸಲನಾದ್ರೂ ನೀರಿನ್ ಮಾತು ಮೀರ್ತಿತ್ತು."

ಹತ್ತಿರ ಬಂದಾಗ ದಿಮ್ಮಿಯೇ. ನೂರು ಜನಕ್ಕೆ ಮೊಸಳೆ ಕಂಡಾಗ ಅವಳೊಬ್ಬಳಿಗೆ ಮರ ಕಂಡಿತ್ತು. ಜೀವ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವಳು ಗೂಡುಗಳ ಜೊತೆ ಮಾತಾಡುತ್ತಿದ್ದಳು. ಇದು ನನಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದನ್ನು ಇನ್ನು ಬರೆಯಬೇಕು.

ಈಗ ಒಳಗಿನಿಂದ ಮೊಮ್ಮಗಳು ಎದ್ದ ಸದ್ದಾಯಿತು. ಹೋಗಿ ಹಾಲು ಕುಡಿಸಿ, ತೊಡೆಯ ಮೇಲೆ ಎರಡು ಸಲ ಕುಣಿಸಿ ಬಂದಿದ್ದೇನೆ. ಬಾಯಿ ಒರೆಸಿಕೊಂಡ ಕೈಯನ್ನು ನನ್ನ ಕಾಗದದ ಮೇಲೇ ಒರೆಸಿ ಹೋದಳು ಕಳ್ಳಿ. ಆ ಕಲೆ ಹಾಗೇ ಇರಲಿ.

ಆಗ ನಮ್ಮ ಮನೆ ಹೇಗಿತ್ತೆಂದು ಹೇಳಬೇಕು. ಒಂದು ಕೋಣೆ, ಒಂದು ಅಡುಗೆಮೂಲೆ, ಮುಂದೆ ಜಗಲಿ. ನಮ್ಮ ಯಜಮಾನರು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದರು. ಮಗಳಿಗೆ ಹತ್ತು ವರ್ಷ. ಜೊತೆಗೆ ನಮ್ಮತ್ತೆ. ಅತ್ತೆಗೆ ಕೆಮ್ಮು, ನನಗೆ ನಾಲಿಗೆ. ಒಂದು ದಿನ ಜಗಳ ಹೆಚ್ಚಾಗಿ ನಾನು ಅವರ ಚಾಪೆ, ಲೋಟ, ಕಂಬಳಿ ಎಲ್ಲವನ್ನೂ ಜಗಲಿಗೆ ಇಟ್ಟೆ. ಯಜಮಾನರು ಎರಡು ದಿನ ಮುಖ ಊದಿಸಿಕೊಂಡಿದ್ದು ಸುಮ್ಮನಾದರು. ಅತ್ತೆಗೆ ಅಲ್ಲೇ ಮಲಗುವುದು, ಅಲ್ಲೇ ಉಣ್ಣುವುದು ಅಭ್ಯಾಸವಾಯಿತು. ತಟ್ಟೆ ತೆಗೆದುಕೊಂಡು ಹೋಗಿ ಕೊಡುತ್ತಿದ್ದವಳು ನನ್ನ ಮಗಳು. ಗೋಣಿಚೀಲದ ಮರೆ ಕಟ್ಟಿಕೊಟ್ಟಿದ್ದೇನೆ, ಗಾಳಿ ಬರುತ್ತದೆ, ಒಳಗಿಗಿಂತ ಅಲ್ಲೇ ವಾಸಿ ಎಂದು ನೆರೆಯವರಿಗೆ ಹೇಳುತ್ತಿದ್ದೆ. ಫಿಲೇಚರಿನಲ್ಲಿ ಮಾತ್ರ ಒಬ್ಬರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ, ಊಟದ ಬೆಲ್ಲಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಕ್ಕ ಬೆಳಿಗ್ಗೆಯಿಂದ ಮಾತಿಲ್ಲದೆ ಕೂತಿದ್ದವಳು ಇದ್ದಕ್ಕಿದ್ದ ಹಾಗೆ ಶುರು ಮಾಡಿದಳು.

"ನೋಡ್ರವ್ವಾ ಈ ಮುದ್ಕೀನ. ಮೈಯೆಲ್ಲ ಸವ್ದೋಗಿ ಒಳಗಿನ್ ಹುಳ ಕಾಣ್ತಾ ಅದೆ. ಆದ್ರೂ ನಡೂಕೇ ಬರ್ಬೇಕು ಅಂತಾಳೆ. ಈ ದಪ್ಪನೋಳು ಬುಡ್ಬೇಕಲ್ಲ! ಅಗೋ ಬಂದ್ಲು, ಗುದ್ದುದ್ಲು, ದಡಕ್ಕೆ ತಳ್ಳುದ್ಲು. ಮತ್ತೆ ಬಂದ್ಲು ಮುದ್ಕಿ. ಮತ್ತೆ ತಳ್ಳುದ್ಲು."

"ಅನ್ನನಾದ್ರೂ ಆಕ್ತಾಳಾ ಅಕ್ಕಾ?" ಎಂದು ಎದುರು ಸಾಲಿನ ಹುಡುಗಿ ಕೇಳಿದಳು.

"ಆಕ್ತಾಳೆ ಕಣಮ್ಮಿ, ದಡಕ್ಕೇ ತಂದು ಕುಕ್ತಾಳೆ. 'ಅಲ್ಲೇ ಬಿದ್ದಿರು, ಒಳಗ್ ಬಂದೀಯೆ' ಅಂತಾಳೆ."

ಎಲ್ಲರೂ ನಕ್ಕರು. ನನಗೆ ಕಿವಿಯಿಂದ ಹಬೆ ಬಂದ ಹಾಗಾಯಿತು. ಎಲ್ಲರೂ ನನ್ನ ಕಡೆಗೇ ನೋಡಿ ನಗುತ್ತಿದ್ದಾರೆ ಅನ್ನಿಸಿತು. ನಾನೂ ಅವಳ ತೊಟ್ಟಿಗೆ ಬಗ್ಗಿ ನೋಡಿದೆ. ಅಲ್ಲಿದ್ದದ್ದು ನಮ್ಮ ಮನೆ. ದಡದಲ್ಲಿ ನಮ್ಮತ್ತೆ, ನಡುವಿನಲ್ಲಿ ನಾನು. ಅತ್ತೆ ಮೆಲ್ಲಗೆ ಬರುತ್ತಾರೆ, ನಾನು ಗುದ್ದುತ್ತೇನೆ.

"ಯಾರ್ನ ಆಡ್ಕತಾ ಇದ್ದೀಯೆ ನೀನು?" ಅಂದೆ.

ಅಕ್ಕ ತಲೆ ಎತ್ತಿದಳು. "ಯಾರ್ನೂ ಇಲ್ಲ ಕಣವ್ವ. ನೀರ್ನಲ್ಲಿ ನಡೀತಿರೋದ್ ಏಳ್ದೆ."

"ನೀರ್ನಲ್ಲಿ ನಡೀತದಂತೆ! ಊರೋರ್ ಮನೆ ಸುದ್ದಿ ನಿಂಗ್ಯಾಕೆ?"

"ಯಾಕಮ್ಮಿ ಇಂಗಾಡೀಯೆ? ನಿಂಗೇನಾಯ್ತು?"

ಅವಳ ಕಣ್ಣಲ್ಲಿ ನೀರಿತ್ತು. ಹಬೆಗೆ ಬಂದಿರಬೇಕು ಅಂದುಕೊಂಡೆ. ನಾನು ಆವತ್ತು ಊಟ ಮಾಡಲಿಲ್ಲ. ನೇರ ಮೇಸ್ತ್ರಿಯ ಹತ್ತಿರ ಹೋದೆ.

"ಸಾ, ಒಂದ್ ಮಾತು. ಕಿಟಕಿ ಪಕ್ಕದೋಳಿಗೆ ತಲೆ ಸರಿಯಿಲ್ಲ ಸಾ. ಗೂಡ್ಗಳ್ನ ಮಗ ಅಂತಾಳೆ, ಮುದ್ಕಿ ಅಂತಾಳೆ. ನಾಳೆ ಬಿಸ್ನೀರಿಗೋ ಬೆಲ್ಟಿಗೋ ಕೈ ಕೊಟ್ಕಂಡ್ರೆ ನಿಮ್ ತಲೆಗ್ ಬತ್ತದೆ."

ಮೇಸ್ತ್ರಿ ನಕ್ಕರು. "ಅವಳ ಮಾತು ಹೊಸದೇನಮ್ಮ?" ಅಂದರು.

"ಮೊದ್ಲು ತಮಾಷೆ ಸಾ. ಈಗ ಅಳ್ತಾಳೆ" ಅಂದೆ. ಅದೊಂದು ಮಾತು ನಿಜವಾಗಿತ್ತು. ಅದೇ ಕೆಲಸ ಮಾಡಿತು.

ಎರಡು ದಿನ ಬಿಟ್ಟು ಸಾವ್ಕಾರರೇ ಬಂದು ಸದ್ದಿಲ್ಲದೆ ಅವಳ ಬೆನ್ನ ಹಿಂದೆ ನಿಂತರು. ನಾನು ಕಂಡೆ. ಒಂದು ಸಲ ಕೆಮ್ಮಿದ್ದರೆ ಸಾಕಿತ್ತು, ಅಕ್ಕ ಎಚ್ಚೆತ್ತುಕೊಳ್ಳುತ್ತಿದ್ದಳು. ಕೆಮ್ಮಲಿಲ್ಲ. ಅವಳು ಒಂದು ಗೂಡಿಗೆ, "ಸಾಕಾ ಕಂದ? ಬುಡು, ಎಷ್ಟೂ ಅಂತ ಎಳುಸ್ಕತೀಯೆ" ಎಂದು ಗಲ್ಲ ಸವರುವ ಹಾಗೆ ಬೆರಳಲ್ಲಿ ತಟ್ಟಿದಳು.

"ಯಾರ ಹತ್ತಿರ ಮಾತಾಡ್ತಿದ್ದೀಯಮ್ಮ?" ಅಂದರು ಸಾವ್ಕಾರರು.

ಅಕ್ಕ ಬೆಚ್ಚಿ ಎದ್ದು ನಿಂತಳು. "ಇವ್ರತ್ರ ಸಾ" ಎಂದು ತೊಟ್ಟಿಯನ್ನು ತೋರಿಸಿದಳು. ಸುಳ್ಳು ಹೇಳುವುದಕ್ಕೆ ಅವಳಿಗೆ ಹೊಳೆಯಲೇ ಇಲ್ಲ. ಸಾವ್ಕಾರರು ಮೇಸ್ತ್ರಿಯ ಮುಖ ನೋಡಿದರು. ಮಾರನೆಯ ದಿನದಿಂದ ಅವಳನ್ನು ಜುಟ್ಟಿನ ಕೋಣೆಗೆ ಹಾಕಿದರು. ತುಂಡೆಳೆ, ಒರಟೆಳೆ, ರದ್ದಿಯಾದ ರೇಷ್ಮೆಗೆ ಜುಟ್ಟು ಅನ್ನುತ್ತಾರೆ. ಹಿಂದುಗಡೆಯ ಕತ್ತಲೆ ಕೋಣೆಯಲ್ಲಿ ಕೂತು ಅದರಿಂದ ಸತ್ತ ಹುಳ ಆರಿಸುವ ಕೆಲಸ.

ಕಿಟಕಿ ಪಕ್ಕದ ಬೇಸಿನ್ನನ್ನು ನನಗೆ ಕೊಟ್ಟರು. ನಾನು ಕೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಒಂದು ಸಲ ಜುಟ್ಟಿನ ಬುಟ್ಟಿ ಕೊಡುವುದಕ್ಕೆ ಆ ಕೋಣೆಗೆ ಹೋಗಿದ್ದೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ನನ್ನ ಮೇಲೆ ಅವಳಿಗೆ ಅನುಮಾನವೇ ಇರಲಿಲ್ಲ. "ಕುಂತ್ಕ ಬಾ" ಎಂದು ಜಾಗ ಮಾಡಿಕೊಟ್ಟಳು. "ಇಲ್ಲಿ ಯಾವ್ದೂ ಅಲ್ಲಾಡಾಕಿಲ್ಲ ಕಣಮ್ಮಿ. ಒತ್ತೇ ಓಗಾಕಿಲ್ಲ. ಅಲ್ಲಿ ನನ್ ಮಕ್ಳು ಎಂಗವೆ?"

"ಚೆಂದಾಗವೆ ಅಕ್ಕ" ಎಂದು ಬುಟ್ಟಿ ಇಟ್ಟು ಬಂದುಬಿಟ್ಟೆ.

ಅವಳ ಬೇಸಿನ್ನಿನಲ್ಲಿ ಕೂತ ಮೇಲೆ ಅವಳ ಕಣ್ಣು ನನಗೂ ಬಂತು. ಮುಗಿಯುವ ಗೂಡು ಹಗುರಾಗುತ್ತದೆ, ಉಳಿದವಕ್ಕಿಂತ ಒಂದು ಚೂರು ಹೆಚ್ಚು ಚಡಪಡಿಸುತ್ತದೆ. ಹೊರಡುವವರು ಬಾಗಿಲಿಗೂ ಒಳಕ್ಕೂ ಓಡಾಡುವುದಿಲ್ಲವೇ, ಹಾಗೆ. ಅದನ್ನು ಮನುಷ್ಯರೆಂದು ನೋಡಿದವರಿಗೆ ಮಾತ್ರ ಅದು ಕಾಣುತ್ತದೆ. ಅವಳ ಹುಚ್ಚು ಎಂದು ನಾನು ಚಾಡಿ ಹೇಳಿದ್ದು ಅವಳ ಕಸುಬನ್ನೇ. ನಾನು ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ, ಮನಸ್ಸಿನಲ್ಲೇ "ಹೊರಟೆಯಾ?" ಅನ್ನುತ್ತಿದ್ದೆ. ನನ್ನ ನೂಲಿನ ಗೆರೆ ಕಡಿಮೆಯಾಯಿತು. ಮೇಸ್ತ್ರಿ ಹಲಗೆ ಹಿಡಿದು, "ಪರವಾಗಿಲ್ಲ, ಆದ್ರೆ ಆಯಮ್ಮನ ಕೈ ಬರಲಿಲ್ಲ" ಅಂದರು. ಆಗಲಾದರೂ ನಾನು ಹೇಳಬಹುದಿತ್ತು, ಸಾ, ಅವಳನ್ನು ವಾಪಸು ಕರೆಯಿರಿ, ನಾನು ಹೇಳಿದ್ದು ಸುಳ್ಳು ಎಂದು. ತುಟಿಯವರೆಗೆ ಬಂತು. ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ನುಂಗಿಕೊಂಡೆ.

ಆರು ತಿಂಗಳಿಗೆ ಅಕ್ಕ ಕೆಲಸ ಬಿಟ್ಟಳು. ತಮ್ಮನ ಮನೆಯನ್ನೂ ಬಿಟ್ಟಳಂತೆ, ನಂಜನಗೂಡಿನಲ್ಲಿ ತಂಗಿಯ ಹತ್ತಿರ ಇದ್ದಾಳಂತೆ ಎಂದು ಯಾರೋ ಅಂದರು. ಬಸ್ಸು ಹತ್ತಿದರೆ ಎಷ್ಟು ದೂರ? ಹತ್ತು ವರ್ಷಕ್ಕೂ ಮೇಲೆ ನಾನು ಹತ್ತಲಿಲ್ಲ. ಫಿಲೇಚರ್ ಮುಚ್ಚಿತು. ನಮ್ಮತ್ತೆ ಹೋದರು. ಮಗಳ ಮದುವೆಯಾಯಿತು, ಈ ಬಂಗಾರ ಹುಟ್ಟಿದಳು.

ನಾಲ್ಕು ತಿಂಗಳ ಕೆಳಗೆ ಮಗುವಿನ ಮುಡಿ ತೆಗೆಸಲು ನಂಜನಗೂಡಿಗೆ ಹೋಗಿದ್ದೆವು. ತಲೆ ಬೋಳಿಸುವಾಗ ಇವಳು ಅಳಲಿಲ್ಲ ಗೊತ್ತೇ? ಪಕ್ಕದ ಮಕ್ಕಳೆಲ್ಲ ಊರು ಹಾರಿಹೋಗುವ ಹಾಗೆ ಕಿರುಚುತ್ತಿದ್ದರೆ ಇವಳು ಕತ್ತಿಯ ಹೊಳಪು ನೋಡಿಕೊಂಡು ಕೂತಿದ್ದಳು. ಗಂಧ ಹಚ್ಚಿದ ಆ ಬೋಡುತಲೆಯನ್ನು ಎತ್ತಿಕೊಂಡು ಕಪಿಲೆಯ ದಡದಿಂದ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ದಾರಿಯಲ್ಲಿ ಹಣ್ಣುಕಾಯಿ ಮಾರುವ ಅಂಗಡಿಗಳ ಸಾಲು. ಒಂದರಲ್ಲಿ ಹೂವು ತೆಗೆದುಕೊಳ್ಳುವುದಕ್ಕೆ ನಿಂತು, "ಕನಕಾಂಬರ ಎರಡು ಮೊಳ ಕೊಡವ್ವ, ನನ್ ಮೊಮ್ಮಗಳಿಗೆ ಕೂದ್ಲಿಲ್ಲ, ನಾನೇ ಮುಡ್ಕತೀನಿ" ಎಂದು ನಗಾಡಿದೆ.

ಒಳಗೆ ಗೋಣಿಯ ಮೇಲೆ ಕೂತು ಹೂ ಕಟ್ಟುತ್ತಿದ್ದ ಒಬ್ಬಳು ತಲೆ ಎತ್ತಿದಳು. "ಇದು ನಮ್ ಫಿಲೇಚರ್ ಗಂಟ್ಲು!" ಅಂದಳು.

ಅಕ್ಕ. ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿತ್ತು. ಅಂಗಡಿ ಅವಳ ತಂಗಿಯದು. ಮಗುವನ್ನು ಅವಳ ಮಡಿಲಿಗೆ ಹಾಕಿದೆ. ಆಗ ಸುಲಿದಿದ್ದ ಆ ಬೆರಳುಗಳಿಂದ ಮಗುವಿನ ತಲೆ ಸವರಿ, ಮೂಗು ಮುಟ್ಟಿ, "ನಿನ್ ಮೂಗು ಬಂದಿಲ್ಲ, ಬಚಾವಾದ್ಲು" ಅಂದಳು. ಮಗು ಅವಳ ಕೈಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ನನ್ನ ಎದೆ ತುಂಬಿತು. ಸಂತೋಷ ಹೆಚ್ಚಾದಾಗ ಧೈರ್ಯ ಬರುತ್ತದೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಮೇಸ್ತ್ರಿಗೆ ಹೇಳಿದ್ದು ನಾನು. ತಲೆ ಸರಿಯಿಲ್ಲ ಎಂದದ್ದು ನಾನು. ಆ ಮುದುಕಿಯ ಕಥೆ ಕೇಳಿ, ನಮ್ಮತ್ತೆಯನ್ನು ಜಗಲಿಗೆ ಹಾಕಿದ್ದನ್ನೇ ನೀನು ಆಡಿಕೊಂಡೆ ಅಂದುಕೊಂಡು, ಸಿಟ್ಟಿಗೆ ಹಾಗೆ ಮಾಡಿದೆ.

ಬೈಯಲಿ ಎಂದು ಕಾದೆ.

"ಅಯ್ಯೋ ಪೆದ್ದಿ" ಅಂದಳು. "ಆ ಮುದ್ಕಿ ನಾನು ಕಣೆ. ಆವತ್ತು ಬೆಳಿಗ್ಗೆ ನಮ್ ತಮ್ಮನ್ ಎಂಡ್ರು ನನ್ ಚಾಪೆ ತಗ್ದು ಕೊಟ್ಟಿಗೆಗೆ ಬಿಸಾಕಿದ್ಲು. ಅಳ್ತಾ ಕುಂತ್ರೆ ನೀವೆಲ್ಲ ಕೇಳ್ತೀರಿ ಅಂತ ಗೂಡಿನ್ ಮೇಲ್ ಆಕಿ ಏಳ್ದೆ. ನಿಮ್ಮತ್ತೆ ಜಗಲಿ ಮೇಲವ್ರೆ ಅಂತ ನಂಗೇನ್ ಗೊತ್ತು? ಈಗ ನೀನ್ ಏಳಿದ್ ಮೇಲೇ ಗೊತ್ತಾಗಿದ್ದು."

ಅವಳಿಗೆ ಮನೆಯಲ್ಲಿ ಚಾಪೆ ಹಾಕುವ ಜಾಗ ಹೋದ ದಿನವೇ ನಾನು ಹೋಗಿ ಬೇಸಿನ್ನನ್ನೂ ಕಿತ್ತುಕೊಂಡಿದ್ದೆ. ನೀರಿನಲ್ಲಿ ನಾನು ಕಂಡ ಆ ದಪ್ಪನೆಯವಳು ನಾನೇ ಅನ್ನುವುದು ಸರಿಯಾಗಿತ್ತು. ದಡಕ್ಕೆ ತಳ್ಳಿದ್ದು ಯಾರನ್ನು ಅನ್ನುವುದು ತಿಳಿದಿರಲಿಲ್ಲ.

ಅಕ್ಕ ಮತ್ತೆ ಹೂವಿಗೆ ಕೈ ಹಾಕಿದವಳು ನಿಲ್ಲಿಸಿದಳು.

"ಆಮೇಲೆ?"

"ಆಮೇಲೆ ಏನಕ್ಕ?"

"ನಿಮ್ಮತ್ತೆ. ನನ್ ಕಥೆ ಕೇಳಿ ಅಷ್ಟ್ ಉರ್ಕಂಡ್ಯಲ್ಲ, ಆಮೇಲ್ನಾದ್ರೂ ಒಳಕ್ ಕರ್ಕಂಡ್ಯಾ?"

ಮಗಳು ಪಕ್ಕದಲ್ಲೇ ನಿಂತಿದ್ದಳು. ಮಗು ಅಕ್ಕನ ಬೆರಳು ಚೀಪುತ್ತಿತ್ತು. ಬೆಳ್ಳಗಾದ ಆ ಎರಡು ಕಣ್ಣುಗಳು ನನ್ನ ಮುಖ ಇರುವ ಕಡೆಗೆ ತಿರುಗಿ ಕಾಯುತ್ತಿದ್ದವು.

"ಊಂ ಅಕ್ಕ" ಅಂದೆ. "ಕರ್ಕಂಡೆ."

ಅವಳ ಮುಖ ಅರಳಿತು. "ಅಂಗಾರೆ ಸರಿ ಬುಡು" ಅಂದಳು. "ನನ್ ಜಾಗ ಓದ್ರೂ ಆಯಮ್ಮಂಗೊಂದ್ ಜಾಗ ಸಿಕ್ತಲ್ಲ. ಅಷ್ಟ್ ಸಾಕು." ನಾನು ಕೇಳಿದ ಎರಡು ಮೊಳದ ಜೊತೆ ಇನ್ನೊಂದು ಮೊಳ ಸೇರಿಸಿ ಕೈಗಿಟ್ಟಳು.

ನನ್ನ ಮಗಳು ಮಗುವನ್ನು ಎತ್ತಿಕೊಂಡು, ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡಳು. ನನ್ನನ್ನು ಒಂದು ಸಲ ನೋಡಿದಳು. ಅಲ್ಲೂ ಏನೂ ಅನ್ನಲಿಲ್ಲ, ಬಸ್ಸಿನಲ್ಲೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಅವಳ ಅಜ್ಜಿಗೆ ಕೊನೆಯ ತಟ್ಟೆ ತೆಗೆದುಕೊಂಡು ಹೋಗಿ ಕೊಟ್ಟವಳೂ ಅವಳೇ.

ಮುಂದಿನ ಸಲ ಹೋದಾಗ ನಿಜ ಹೇಳೋಣ ಅಂದುಕೊಂಡೆ. ಮಗುವಿಗೆ ಹಲ್ಲು ಬಂತು, ಮಗು 'ಅವ್ವ' ಅಂದಳು, ಮಗು ಗೋಡೆ ಹಿಡಿದು ನಿಂತಳು. ಈ ಸಂಭ್ರಮದಲ್ಲಿ ಮೂರೂವರೆ ತಿಂಗಳು ಓಡಿತು. ಆಮೇಲೆ ಅವಳ ತಂಗಿ ಸುದ್ದಿ ಕಳಿಸಿದಳು.

ಇಲ್ಲ ಅಕ್ಕ, ಕರೆದುಕೊಳ್ಳಲಿಲ್ಲ. ನಮ್ಮತ್ತೆ ಜಗಲಿಯ ಮೇಲೆಯೇ ಹೋದರು.